ಬಿಸಿಯೂಟದ ಉಪ್ಪಿನ ಬಗ್ಗೆ ಪಾಲಕರಿಗೆ ಪತ್ರ

ಎಲ್ಲಾ ಪಾಲಕರಿಗೂ ನಮಸ್ಕಾರ್ರಿ,

ಬಿಸಿಯೂಟಕ್ಕ ಕುಂತಾಗ ಮಕ್ಕಳ ಮುಂದ ಉಪ್ಪಿನ ಡಬ್ಬಿ ಇಡೂದು ನಿಲ್ಲಿಸೀವಿ, ಸಾರಿಗೂ ಸ್ವಲ್ಪ ಕಡಿಮಿ ಹಾಕ್ರಿ ಅಂತ ಅಡಗಿ ಅಕ್ಕಾರಿಗೆ ಹೇಳೀವಿ. ಅವತ್ತಿಂದ ಭಾಳ ಮಂದಿ ಫೋನ್ ಮಾಡಿ "ಟೀಚರ್, ಸಾರು ಸಪ್ಪ ಐತಂತ, ಹುಡುಗ್ರು ಅನ್ನ ಬಿಟ್ಟು ಬರಾಕತ್ಯಾರ" ಅಂತ ಹೇಳಾಕತ್ತೀರಿ. ಮಕ್ಕಳು ಹಸಕೊಂಡು ಮನಿಗೆ ಬಂದ್ರ ಯಾರಿಗೂ ಸಂಕಟ ಆಗತೈತಿ, ನಿಮ್ಮ ಮಾತು ನನಗ ತಿಳೀತೈತಿ. ಆದ್ರ ಯಾಕ ಹಿಂಗ ಮಾಡೀವಿ ಅಂತ ಒಮ್ಮೆ ಓದ್ರಿ.

ದೊಡ್ಡವರಿಗೇ ದಿನಕ್ಕ 5 ಗ್ರಾಂಗಿಂತ ಕಡಿಮಿ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ, ಅಂದ್ರ ಒಂದು ಸಣ್ಣ ಚಮಚಾ, ಮಕ್ಕಳಿಗೆ ಅದಕ್ಕೂ ಕಡಿಮಿ. 2017-18ರ ರಾಷ್ಟ್ರೀಯ ಸರ್ವೆ ಪ್ರಕಾರ ನಮ್ಮ ದೇಶದಾಗ ದೊಡ್ಡವರು ತಿನ್ನೂದು ದಿನಕ್ಕ ಸುಮಾರು 8 ಗ್ರಾಂ. ನಿಮ್ಮ ಮನ್ಯಾಗಿನ ಲೆಕ್ಕ ನೀವೇ ಹಾಕಿ ನೋಡ್ರಿ, ಐದು ಮಂದಿ ಇದ್ದ ಮನ್ಯಾಗ ತಲಿಗೆ 5 ಗ್ರಾಂ ಹಿಡಿದ್ರೂ ಒಂದು ಕೆಜಿ ಉಪ್ಪಿನ ಪ್ಯಾಕೆಟ್ 40 ದಿನ ಬರಬೇಕು. ಎಷ್ಟು ದಿನಕ್ಕ ಖಾಲಿ ಆಗತೈತಿ?

ಒಬ್ಬ ತಂದಿಯವರು ಕೇಳಿದ್ರು, "ಹೊಲದಾಗ ಬೆವರು ಸುರಿಸಿ ದುಡಿಯೋ ಮಂದಿ ನಾವು, ಉಪ್ಪು ಬಿಟ್ರ ಕಸುವು ಎಲ್ಲಿಂದ ಬರಬೇಕ್ರಿ" ಅಂತ. ಅಣ್ಣಾರ, ಉಪ್ಪು ಬಿಡ್ರಿ ಅಂತ ಯಾರೂ ಹೇಳಾಕತ್ತಿಲ್ಲ. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಾಗ ಗಾಂಧೀಜಿ ಜೋಡಿ ದಂಡಿ ತನಕ ನಡೆದಿದ್ದು ಬಡವರ ಉಪ್ಪಿನ ಮ್ಯಾಲಿನ ಕರ ಹೋಗ್ಲಿ ಅಂತ, ಉಪ್ಪಿನ ಬಗ್ಗೆ ನಮ್ಮ ಮಂದಿಗೆ ಇರೋ ಅಭಿಮಾನ ಖರೇ ಐತಿ. ಆದ್ರ ಹೊತ್ತು ಮುಳುಗೂತನಕ ಬಿಸಿಲಾಗ ದುಡಿಯೋ ನಿಮಗೂ ದಿನಾ ಬೆಂಚಿನ ಮ್ಯಾಲೆ ಕುಂದ್ರೋ ಹುಡುಗ್ರಿಗೂ ಒಂದೇ ಲೆಕ್ಕ ಹಿಡಿಯಾಕ ಬರೂದಿಲ್ಲ. ಉಪ್ಪಿನಾಗಿನ ಸೋಡಿಯಂ ಹೆಚ್ಚಾದ್ರ ಮೈಯಾಗ ನೀರು ನಿಲ್ಲತೈತಿ, ರಕ್ತ ಓಡೋ ನಾಳದ ಮ್ಯಾಲೆ ಒತ್ತಡ ಬೀಳತೈತಿ, ಇದು ವರ್ಷಗಟ್ಟಲೆ ನಡೆದು ಒಂದು ದಿನ ಲಕ್ವಾ ಹೊಡೆದಾಗನೇ ಮನಿಯವರಿಗೆ ಬಿಪಿ ಇತ್ತು ಅಂತ ಗೊತ್ತಾಗೂದು. ನಾಲಿಗಿಯ ರೂಢಿ ಬೀಳೂದು ಮಾತ್ರ ಈಗ, ಈ ವಯಸ್ಸಿನಾಗ.

ಇದರ ಇನ್ನೊಂದು ಮಗ್ಗಲು ಪೊಟ್ಯಾಸಿಯಂ ಅನ್ನೋ ಖನಿಜ. ಇದು ಹೆಚ್ಚಾದ ಸೋಡಿಯಂನ ಮೂತ್ರದಾಗ ಹೊರಗ ಹಾಕಾಕ ಕಿಡ್ನಿಗೆ ಸಹಾಯ ಮಾಡತೈತಿ, ದೊಡ್ಡವರಿಗೆ ದಿನಕ್ಕ ಕನಿಷ್ಠ ಮೂರೂವರೆ ಗ್ರಾಂ ಬೇಕು. ಅದಕ್ಕ ಪೇಟಿಯಿಂದ ಏನೂ ತರೂದು ಬ್ಯಾಡ, ಬಾಳಿಹಣ್ಣು, ಪೇರಲ, ರಾಜಗಿರಿ, ಮೆಂತೆ ಪಲ್ಯ, ಹೆಸರು, ಅಲಸಂದಿ, ಎಳನೀರು, ಎಲ್ಲಾದರಾಗೂ ಐತಿ. ಸೊಪ್ಪು ಬೇಯಿಸಿದ ನೀರು ಚೆಲ್ಲಬ್ಯಾಡ್ರಿ, ಪೊಟ್ಯಾಸಿಯಂ ಅದರಾಗ ಇಳಿದಿರತೈತಿ, ಸಾರಿಗೆ ಹಾಕ್ರಿ. ಪೇರಲ ಹಣ್ಣು ಕೊಡ್ರಿ ಆದ್ರ ಮ್ಯಾಲೆ ಉಪ್ಪು-ಖಾರದ ಪುಡಿ ಉದುರಿಸಿ ಕೊಡೂದು ಬ್ಯಾಡ.

ನಮ್ಮ ಜೋಳದ ರೊಟ್ಟಿ ಭಾಳ ಛಲೋ, ಹಿಟ್ಟಿಗೆ ಉಪ್ಪೇ ಹಾಕೂದಿಲ್ಲ. ಉಪ್ಪು ಬರೂದು ಪಕ್ಕದಿಂದ, ಕೆಂಪು ಖಾರ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಒಂದೇ ತಾಟಿನಾಗ ಬಿದ್ದಾಗ. ನಮ್ಮ ಕಡೆ ಹೆಚ್ಚಿನ ಉಪ್ಪು ಅಡಗಿ ಮನಿಯಿಂದನ ಬರತೈತಿ, ಹಂಗಾಗಿ ಕಡಿಮಿ ಮಾಡೂದೂ ನಿಮ್ಮ ಕೈಯಾಗ ಐತಿ. ಒಮ್ಮಿಗೇ ಅಲ್ಲ, ವಾರಕ್ಕೊಂದು ಚಿಟಿಕಿ ಕಡಿಮಿ ಮಾಡ್ತಾ ಹೋದ್ರ ನಾಲಿಗಿ ತಾನೇ ಹೊಂದಕೋತೈತಿ.

ಇನ್ನ ಚಿಪ್ಸ್, ನೂಡಲ್ಸ್. ಎಂಟನೇ ಕ್ಲಾಸಿನ ಹುಡುಗ್ರು ಪ್ಯಾಕೆಟ್ ಹಿಂದಿನ ಸಣ್ಣಕ್ಷರ ಓದಿ ಬೋರ್ಡಿನ ಮ್ಯಾಲೆ ಲೆಕ್ಕ ಮಾಡಿದ್ರು, ಸೋಡಿಯಂನ ಎರಡೂವರೆಯಿಂದ ಗುಣಿಸಿದ್ರ ಉಪ್ಪು ಎಷ್ಟು ಅಂತ ಸಿಗತೈತಿ, ಸಾವಿರ ಮಿಲಿಗ್ರಾಂ ಸೋಡಿಯಂ ಅಂದ್ರ ಎರಡೂವರೆ ಗ್ರಾಂ ಉಪ್ಪು. ಅರ್ಧ ದಿನದ ಲೆಕ್ಕ ಒಂದು ಪೊಟ್ಟಣದಾಗ ಮುಗೀತು. ಶಾಲಿಯ ಗೇಟಿನಿಂದ 50 ಮೀಟರ್ ಒಳಗ ಇಂಥಾ ಹೆಚ್ಚು ಉಪ್ಪು, ಸಕ್ರಿ, ಕೊಬ್ಬಿನ ತಿಂಡಿ ಮಾರಬಾರದು ಅಂತ ದೇಶದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ 2020ರ ನಿಯಮನೇ ಐತಿ, ಹಂಗಾಗಿ ಡಬ್ಬಿಯೊಳಗೂ ಕಟ್ಟಿ ಕಳಿಸಬ್ಯಾಡ್ರಿ.

ಒಂದು ಎಚ್ಚರಿಕಿ. ಸೈಂಧವ ಲವಣ, ಹಳ್ಳುಪ್ಪು ತಿಂದ್ರ ಏನೂ ಆಗೂದಿಲ್ಲ ಅಂತ ತಿಳೀಬ್ಯಾಡ್ರಿ, ಅದರಾಗೂ ಸೋಡಿಯಂ ಹೆಚ್ಚುಕಡಿಮಿ ಅಷ್ಟೇ ಐತಿ, ಅಯೋಡಿನ್ ಮಾತ್ರ ಸಾಮಾನ್ಯವಾಗಿ ಇರೂದಿಲ್ಲ, ಮಕ್ಕಳ ಮಿದುಳು ಬೆಳೆಯಾಕ ಅಯೋಡಿನ್ ಬೇಕೇ ಬೇಕು. ಉಪ್ಪು ಕಡಿಮಿ ತಿನ್ನಲಿ, ಆದ್ರ ತಿನ್ನೋ ಉಪ್ಪು ಅಯೋಡಿನ್ ಇರೋದೇ ಆಗಿರಲಿ. ಅಂಗಡ್ಯಾಗ ಸಿಗೋ ಕಡಿಮಿ ಸೋಡಿಯಂ ಉಪ್ಪಿನಾಗ ಪೊಟ್ಯಾಸಿಯಂ ಬೆರಸಿರತಾರ, ಕಿಡ್ನಿ ತೊಂದರಿ ಇರೋರಿಗೆ ಅದು ಅಪಾಯ, ಮಕ್ಕಳಿಗೆ, ಬಸುರೆಂಗಸರಿಗೆ ಡಾಕ್ಟರ್ ಕೇಳದ ಕೊಡಬ್ಯಾಡ್ರಿ. ವಾಂತಿ-ಭೇದಿ ಆದಾಗ ಓಆರ್‌ಎಸ್ ಕೊಡೂದು ಬ್ಯಾರೆ ಮಾತು, ಅದನ್ನ ತಪ್ಪಿಸಬ್ಯಾಡ್ರಿ.

ಬರೋ ಪಾಲಕರ ಸಭಾಕ್ಕ ಬರುವಾಗ ಉಪ್ಪಿನ ಪ್ಯಾಕೆಟ್ ಯಾವತ್ತು ಒಡದ್ರಿ, ಯಾವತ್ತು ಖಾಲಿ ಆತು ಅಂತ ಬರಕೊಂಡು ಬರ್ರಿ. ಅಡಗಿ ಅಕ್ಕಾರೂ ಇರತಾರ, ಸಾರಿನ ರುಚಿ ನೋಡಿ ಏನಿದ್ರೂ ಅವರ ಮುಂದನ ಹೇಳ್ರಿ.

ನಿಮ್ಮ,
ಮುಖ್ಯ ಶಿಕ್ಷಕಿ
ಹಾವೇರಿ ತಾಲೂಕು