ಶಾಲು ಹೊದಿಸಿದ ಮೇಲೆ ಏನು?

ರಾಜ್ಯೋತ್ಸವ ಹತ್ತಿರ ಬಂತು. ಈ ಸಲ ಯಾರಿಗೆ ಸನ್ಮಾನ ಅನ್ನುವ ಮಾತು ಇಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಕನ್ನಡಿಗರಲ್ಲಿ ಶುರುವಾಗಿದೆ. ಈ ಹೊತ್ತಿಗೆ ನಮ್ಮ ಬಾಲ್ಟಿಮೋರ್‌ನಲ್ಲೇ ಹುಟ್ಟಿ ಬೆಳೆದ ಒಬ್ಬ ಹೆಣ್ಣುಮಗಳ ವಿಷಯ ಹೇಳಬೇಕು ಅನ್ನಿಸಿತು. ಹೆಸರು ಹೆನ್ರಿಯೆಟ್ಟಾ ಝೋಲ್ಡ್. ಹುಟ್ಟಿದ್ದು 1860ರಲ್ಲಿ. ತಂದೆ ಯಹೂದಿ ಗುರುಗಳು, ಹಂಗೇರಿಯಿಂದ ಬಂದವರು.

ರಷ್ಯಾದಲ್ಲಿ ಹಿಂಸೆ ತಾಳಲಾರದೆ ಯಹೂದಿಗಳು ಹಡಗು ಹತ್ತಿ ಈ ಊರಿಗೆ ಬರುತ್ತಿದ್ದ ಕಾಲ ಅದು. ಹಗಲೆಲ್ಲ ಬಟ್ಟೆ ಹೊಲಿಯುವ ಜನಕ್ಕೆ ಇಂಗ್ಲಿಷ್ ಕಲಿಸುವವರು ಯಾರು? 1889ರಲ್ಲಿ ಹೆನ್ರಿಯೆಟ್ಟಾ ರಾತ್ರಿ ಶಾಲೆ ತೆರೆದರು. ಹಗಲು ಬೇರೆ ಕಡೆ ಪಾಠ ಹೇಳಿ ಬಂದು, ರಾತ್ರಿ ಇಲ್ಲಿ ಮತ್ತೆ ಪಾಠ. ಶಾಲೆಗೆ ಜಾಗ, ಹಣ ಹೊಂದಿಸುವ ಓಡಾಟವೂ ಅವರದೇ. ಭಾನುವಾರದ ಕನ್ನಡ ತರಗತಿ ನಡೆಸುವವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

1909ರಲ್ಲಿ ತಾಯಿಯ ಜೊತೆ ಪ್ಯಾಲೆಸ್ಟೈನ್‌ಗೆ ಹೋದರು. ಅಲ್ಲಿನ ಜಾಫಾ ಊರಲ್ಲಿ ಮಕ್ಕಳ ಕಣ್ಣಿಗೆ ಟ್ರಕೋಮಾ ಅನ್ನುವ ಅಂಟುರೋಗ, ರೆಪ್ಪೆಯ ಸುತ್ತ ನೊಣ. ಒಂದು ಹುಡುಗಿಯರ ಶಾಲೆಯಲ್ಲಿ ಮಾತ್ರ ಕಣ್ಣುಗಳು ಚೆನ್ನಾಗಿದ್ದವು. ಅಲ್ಲಿಗೆ ವೈದ್ಯರು, ನರ್ಸ್ ಬಂದು ಹೋಗುತ್ತಿದ್ದರು, ಅಷ್ಟೇ ವ್ಯತ್ಯಾಸ. ನಿಮ್ಮ ಹೆಂಗಸರ ಗುಂಪು ಮಾಡಬೇಕಾದ ಕೆಲಸ ಇದೇ ಅಂದರು ತಾಯಿ. 1912ರಲ್ಲಿ ಹೆನ್ರಿಯೆಟ್ಟಾ ಮತ್ತು ಆ ಗುಂಪಿನವರಿಂದ ನ್ಯೂಯಾರ್ಕ್‌ನಲ್ಲಿ ಯಹೂದಿ ಹೆಂಗಸರ ಹದಸ್ಸಾ ಸಂಘಟನೆ ಹುಟ್ಟಿತು. ಮರುವರ್ಷವೇ ಇಬ್ಬರು ನರ್ಸ್‌ಗಳು ಜೆರುಸಲೇಮಿಗೆ ಹೋದರು. ಇವತ್ತು ಅಲ್ಲಿ ಹದಸ್ಸಾ ಹೆಸರಿನ ದೊಡ್ಡ ಆಸ್ಪತ್ರೆಗಳಿವೆ.

ಅವರ ಬದುಕಿನಲ್ಲಿ ನನ್ನನ್ನು ಜಾಸ್ತಿ ಹಿಡಿದದ್ದು 1916ನೇ ಇಸವಿ. ಆ ವರ್ಷ ತಾಯಿ ತೀರಿಕೊಂಡರು. ಮನೆಯಲ್ಲಿ ಗಂಡುಮಕ್ಕಳಿಲ್ಲ. ತೀರಿಕೊಂಡವರಿಗಾಗಿ ವಾಡಿಕೆಯಂತೆ ಗಂಡುಮಕ್ಕಳು ಹೇಳುವ ಕದ್ದಿಶ್ ಪ್ರಾರ್ಥನೆಯನ್ನು ನಿಮ್ಮ ಪರವಾಗಿ ನಾನು ಹೇಳುತ್ತೇನೆ ಅಂತ ಸ್ನೇಹಿತರೊಬ್ಬರು ಮುಂದೆ ಬಂದರು. ಹೆನ್ರಿಯೆಟ್ಟಾ ಕಾಗದ ಬರೆದು, ತುಂಬಾ ಪ್ರೀತಿಯಿಂದಲೇ, ಬೇಡ ಅಂದರು. ಅಪ್ಪ ತೀರಿಕೊಂಡಾಗ ಹೆಣ್ಣುಮಕ್ಕಳ ಜಾಗದಲ್ಲಿ ಬೇರೆಯವರು ನಿಲ್ಲಲು ಅಮ್ಮ ಬಿಟ್ಟಿರಲಿಲ್ಲ, ಈಗ ಅಮ್ಮನಿಗೂ ನಾನೇ ಹೇಳುತ್ತೇನೆ ಅಂದರು. ಶ್ರಾದ್ಧಕ್ಕೆ ಗಂಡುಮಗನನ್ನೇ ಹುಡುಕುವ ನಮ್ಮ ಮನೆಗಳಲ್ಲಿ ಈ ಕಾಗದ ಓದಬೇಕು.

ಅದೇ ವರ್ಷ ಇನ್ನೊಂದು ನಡೆಯಿತು. ಆಗ ಅವರು ಯಹೂದಿ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದರು. ಬಿಡುವಿನಲ್ಲಿ ಹದಸ್ಸಾ ಕೆಲಸ. ನ್ಯಾಯಾಧೀಶ ಜೂಲಿಯನ್ ಮ್ಯಾಕ್ ಮತ್ತು ಕೆಲವು ಗೆಳೆಯರು ಸೇರಿ, ಅವರ ಜೀವನಕ್ಕೆ ಸಾಲುವಷ್ಟು ಹಣ ಕೊನೆಯವರೆಗೂ ಬರುವ ಏರ್ಪಾಡು ಮಾಡಿದರು. ಹೆನ್ರಿಯೆಟ್ಟಾ ನೌಕರಿ ಬಿಟ್ಟು ಪೂರ್ತಿ ಸೇವೆಗೆ ಇಳಿದರು. ನಾಜಿ ಜರ್ಮನಿಯಿಂದ ತಂದೆತಾಯಿ ಬಿಟ್ಟು ಪ್ಯಾಲೆಸ್ಟೈನ್‌ಗೆ ಬಂದ ಮಕ್ಕಳ ಹೊಣೆ ಹೊತ್ತಾಗ ವಯಸ್ಸು 70 ದಾಟಿತ್ತು. ಬಂದರಿಗೆ ತಾವೇ ಹೋಗಿ ಆ ಮಕ್ಕಳನ್ನು ಇಳಿಸಿಕೊಳ್ಳುತ್ತಿದ್ದರು. 1945ರಲ್ಲಿ, ಜೆರುಸಲೇಮಿನ ಹದಸ್ಸಾ ಆಸ್ಪತ್ರೆಯಲ್ಲೇ ತೀರಿಕೊಂಡರು.

ಮ್ಯಾಕ್ ಮತ್ತು ಗೆಳೆಯರು ಮಾಡಿದ್ದು ನಿಜವಾದ ಸನ್ಮಾನ ಅನ್ನುತ್ತೇನೆ ನಾನು. ದುಡಿಯುವವರ ಹೆಗಲ ಮೇಲಿನ ಒಂದು ಭಾರ ಇಳಿಸಿದರು. ನಾವು ಶಾಲು ಹೊದಿಸಿ, ಪೇಟ ತೊಡಿಸಿ, ಫೋಟೋ ತೆಗೆದು, ಮಾರನೇ ವಾರ ಹಾಲ್‌ನ ಕುರ್ಚಿ ಮಡಚಲು ಮತ್ತೆ ಅವರನ್ನೇ ಕರೆಯುತ್ತೇವೆ. ಶಾಲು ಬೇಡ ಅನ್ನುತ್ತಿಲ್ಲ, ಅದು ಇರಲಿ. ಜೊತೆಗೆ ಈ ವರ್ಷ ನಮ್ಮ ಕನ್ನಡ ಶಾಲೆಯ ಟೀಚರ್‌ಗೆ ಪುಸ್ತಕ ತರಿಸುವುದು, ಹಾಜರಿ, ಕೊಠಡಿ ಬುಕಿಂಗ್, ಈ ಮೂರು ಕೆಲಸದಿಂದ ಬಿಡುವು ಕೊಡೋಣ. ಮೂರು ಮನೆಯವರು ಬೇಕು. ಬುಕಿಂಗ್ ನಮ್ಮ ಮನೆಗಿರಲಿ. ಉಳಿದ ಎರಡಕ್ಕೆ ಹೆಸರು ಕೊಡುವವರು ರಾಜ್ಯೋತ್ಸವದ ದಿನ ಊಟದ ಸಾಲಿಗೆ ಮುಂಚೆ ನನ್ನನ್ನು ಕಾಣಿ.