ಮಳೆಯಲ್ಲಿ ನಮ್ಮ ಜೊತೆ ಮನೆ ನೋಡಿದವರಿಗೆ

ಶಿವಮೊಗ್ಗ ಗೋಪಾಳದ ಈ ಬಾಡಿಗೆ ಮನೆಯಲ್ಲಿ ನವರಾತ್ರಿಗೆ ಹಾಲುಕ್ಕಿಸಿದೆವು. ಮಗಳ ಮನೆಗೆ ಇಲ್ಲಿಂದ ನಡೆದರೆ ಎಂಟು ನಿಮಿಷ, ನಡುವೆ ದೊಡ್ಡ ರಸ್ತೆ ದಾಟುವುದಿಲ್ಲ. ರಾತ್ರಿ ಹೊತ್ತು ಫೋನ್ ಮಾಡಿದರೆ ಅಳಿಯಂದಿರು ಗಾಡಿ ತೆಗೆಯದೆ ಕೊಡೆ ಹಿಡಿದು ನಡೆದೇ ಬರಬಹುದು. ಮಕ್ಕಳ ಹತ್ತಿರ ಮನೆ ಬೇಕು ಎಂದು ಹುಡುಕುವವರು ದೂರವನ್ನು ಹೀಗೇ ಅಳೆಯಬೇಕು ಅನ್ನಿಸುತ್ತದೆ.

ನಾವಿಬ್ಬರೂ ಊರು ಬಿಟ್ಟು ಬಂದು ಮೊದಲು ಇದ್ದ ಮನೆಗೆ ಮಳೆಯಲ್ಲಿ ನೀರು ನುಗ್ಗಿದ್ದು, ಆಮೇಲಿನ ಆಸ್ಪತ್ರೆಯ ಓಡಾಟ, ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಪೂರ್ತಿಯಾಗಿ ಮತ್ತೆ ಬರೆಯುವುದಿಲ್ಲ. ಆ ದಿನಗಳಲ್ಲಿ ಊಟದ ಡಬ್ಬಿ ಕಳಿಸಿದ ಬೀಗಿತ್ತಿಯವರು, ಸಾಮಾನು ಹೊತ್ತ ಹುಡುಗರು, ಒಂದು ಮನೆಗೂ ಬೇಸರ ಮಾಡದೆ ಸುತ್ತಿಸಿದ ಆಟೋದವರು, ಖಾಲಿ ಮನೆ ಕಂಡಲ್ಲೆಲ್ಲ ಬೋರ್ಡಿನ ಫೋಟೋ ತೆಗೆದು ಕಳಿಸಿದ ಹಳೆಯ ಸಹೋದ್ಯೋಗಿಗಳು, ಎಲ್ಲರಿಗೂ ಕೈಮುಗಿಯುತ್ತೇವೆ. ಮಗಳು ಅಳಿಯಂದಿರಿಗೆ ಇಲ್ಲಿ ಏನು ಬರೆದರೂ ಕಡಿಮೆಯೇ.

ಉಳಿದ ಬರಹ ಹೆಚ್ಚಿನದೆಲ್ಲ ಮೇಸ್ತ್ರಿಯವರಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ. ಮೂವತ್ತು ವರ್ಷ ಗಾರೆ ಕೆಲಸ ಮಾಡಿ ಈಗ ಮೊಣಕಾಲು ನೋವಿಗೆ ಕೆಲಸ ಬಿಟ್ಟವರು. ನಮಗೆ ನೆಂಟರೂ ಅಲ್ಲ, ಹಳೆಯ ಪರಿಚಯದವರೂ ಅಲ್ಲ. ಆ ಮೊದಲ ಮನೆಯ ಹಿಂದಿನ ಬೀದಿಯಲ್ಲಿದ್ದರು, ಅಷ್ಟೇ.

ಜುಲೈನ ಆ ರಾತ್ರಿ ಬಚ್ಚಲಿನ ನೀರು ಹೋಗುವ ಜಾಲರಿಯಿಂದಲೇ ನೀರು ಉಕ್ಕಿ ಒಳಗೆ ಬರತೊಡಗಿದಾಗ ಹನ್ನೊಂದೂವರೆ. ಬೀದಿಯ ಚರಂಡಿ ತುಂಬಿದರೆ ಅದಕ್ಕಿಂತ ತಗ್ಗಿನಲ್ಲಿರುವ ಮನೆಗೆ ನೀರು ಪೈಪಿನಲ್ಲೇ ವಾಪಸು ಬರುತ್ತದೆ. ಬಾಗಿಲಿಗೆ ಎಷ್ಟು ಬಟ್ಟೆ ಒತ್ತಿದರೂ ಪ್ರಯೋಜನವಿಲ್ಲ. ಮೇಸ್ತ್ರಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಹಾರೆ ಹಿಡಿದು ಬಂದರು. ಬಂದವರು ಮೊದಲು ನೀರಿನ ಕಡೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಒಣಗಿದ ಜಾಗದಲ್ಲಿ ನಿಂತು ಮೇನ್ ಸ್ವಿಚ್ ಇಳಿಸಿದರು. ಗೋಡೆಯ ಕೆಳಗಿನ ಪ್ಲಗ್ಗಿಗೆ ನೀರು ಮುಟ್ಟುವ ಮುಂಚೆ ಮಾಡಬೇಕಾದ ಕೆಲಸ ಅದೊಂದೇ. ಆಮೇಲೆ ಗೋಣಿ ತಾಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಉಂಡೆ ಮಾಡಿ ಜಾಲರಿ ತೆಗೆದ ತೂತಿಗೆ ಒತ್ತಿ, ಅದರ ಮೇಲೆ ನಮ್ಮ ಒರಳಿನ ರುಬ್ಬುಗುಂಡನ್ನು ತಂದು ಕೂರಿಸಿದರು. ತಲೆಮಾರುಗಳಿಂದ ಬಂದ ಗುಂಡು ಅದು. ನೀರು ಅದರ ಸುತ್ತ ಗುಳುಗುಳು ಅಂದು, ಸ್ವಲ್ಪ ಹೊತ್ತಿಗೆ ನಿಂತಿತು.

ಅಷ್ಟಕ್ಕೇ ಮುಗಿಯಲಿಲ್ಲ. ತಾರಸಿ ಹತ್ತಿ ನೋಡಿದರೆ ಅಲ್ಲಿ ನಾಲ್ಕು ಇಂಚು ನೀರು. ಇಳಿಯುವ ಪೈಪಿನ ಬಾಯಿಗೆ ಮಾವಿನೆಲೆಯೂ ಒಂದು ಹಾಲಿನ ಕವರೂ ಸೇರಿ ಬಿರಡೆ ಹಾಕಿದಂತೆ ಕೂತಿದ್ದವು. ಸಾವಿರ ಚದರ ಅಡಿ ತಾರಸಿಯಲ್ಲಿ ನಾಲ್ಕು ಇಂಚು ನೀರು ನಿಂತರೆ 9 ಟನ್ನಿಗೂ ಮೀರಿದ ತೂಕ. ನೀರು ನಿಂತಷ್ಟು ಹೊತ್ತೂ ಸಣ್ಣ ಬಿರುಕು ಸಿಕ್ಕಿದಲ್ಲೆಲ್ಲ ಕೆಳಗಿಳಿಯುತ್ತಲೇ ಇರುತ್ತದೆ. ಮೇಸ್ತ್ರಿ ಮೊಣಕಾಲೂರಿ ಕೂತು, ಭುಜದವರೆಗೆ ಕೈ ಹಾಕಿ ಕಸ ಎಳೆದರು.

ಕೆಳಗೆ ಬಂದು ಮಂಚದ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ಟರು. ಟ್ರಂಕಿನೊಳಗೆ ನೆಂದ ಪಿಂಚಣಿ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಹಳೆ ಪೇಪರುಗಳ ನಡುವೆ ಇಟ್ಟು, ಅರ್ಧ ಗಂಟೆಗೊಮ್ಮೆ ಪೇಪರು ಬದಲಿಸಿದರು. ಇಸ್ತ್ರಿ ಹಾಕಿದರೆ ಶಾಯಿ ಹರಡುತ್ತದೆ, ಒಲೆಯ ಹತ್ತಿರ ಹಿಡಿದರೆ ಕಾಗದ ಸುರುಟಿಕೊಳ್ಳುತ್ತದೆ. ನಿಧಾನಕ್ಕೆ ನೀರು ಹೀರಿಸುವುದೇ ಸರಿ. ಬೆಳಗಿನ ಐದರವರೆಗೆ ಅವರು ಆ ಕೆಲಸ ಬಿಡಲಿಲ್ಲ. ಮೇಣದ ಬತ್ತಿ ಬೆಳಕಿನಲ್ಲಿ ಬೆಲ್ಲದ ಕಾಫಿ ಕುಡಿಯುತ್ತ ಹೇಳಿದ ಮಾತು ನಮ್ಮಿಬ್ಬರ ಕಿವಿಯಲ್ಲೂ ಹಾಗೇ ಇದೆ: "ದುಡ್ಡು ಉಳಿಸಕ್ಕೆ ಪಾಯ ಒಂದಡಿ ಕಮ್ಮಿ ಮಾಡಿ ಅಂತಾರೆ ಸಾರ್, ನಾವೂ ಮಾಡಿ ಕೊಡ್ತೀವಿ. ಅದ್ರೊಳಗೆ ಯಾರು ಮಲಗ್ತಾರೆ ಅಂತ ನೋಡಕ್ಕೆ ಬರಲ್ಲ. ಇವತ್ತು ನೋಡ್ದೆ."

ಮಾರನೆಯ ವಾರದಿಂದ ಪ್ರತಿ ಮನೆಗೂ ಅವರೇ ನಮ್ಮ ಜೊತೆ ಬಂದರು. ನೋಡುವುದು ಹೇಗೆ ಎಂದು ಅವರು ಕಲಿಸಿದ್ದನ್ನು ಇಲ್ಲಿ ಬರೆದಿಡುತ್ತೇವೆ. ನಮ್ಮ ವಯಸ್ಸಿನವರು ಬಹಳ ಜನ ಈಗ ಹಳ್ಳಿ ಮನೆ ಬಿಟ್ಟು ಶಿವಮೊಗ್ಗಕ್ಕೆ, ಸಾಗರಕ್ಕೆ, ತೀರ್ಥಹಳ್ಳಿಗೆ ಮಕ್ಕಳ ಹತ್ತಿರ ಬರುತ್ತಿದ್ದಾರೆ.

ಮಲೆನಾಡಿನಲ್ಲಿ ಮನೆಯನ್ನು ಮಳೆಯಲ್ಲೇ ನೋಡಬೇಕು. ಶಾಲೆ ಮುಗಿಯುವ ಏಪ್ರಿಲ್, ಮೇ ತಿಂಗಳಲ್ಲಿ ಮನೆಗಳು ಖಾಲಿಯಾಗುತ್ತವೆ, ಸುಣ್ಣಬಣ್ಣ ಆಗುತ್ತದೆ, ಬಿಸಿಲಿಗೆ ಎಲ್ಲ ಗೋಡೆಯೂ ಒಣಗಿ ಚಂದ ಕಾಣುತ್ತದೆ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಹಾಗಾಗಿ ಆಗ ನೋಡುವವರು ಕಡಿಮೆ, ಮಾಲೀಕರೂ ಬಾಡಿಗೆಯಲ್ಲಿ ಸ್ವಲ್ಪ ಇಳಿಯುತ್ತಾರೆ, ಗೋಡೆಯೂ ನಿಜ ಹೇಳುತ್ತದೆ. ಆಷಾಢದಲ್ಲಿ ನೋಡಿ ಅಡ್ವಾನ್ಸ್ ಕೊಟ್ಟು ಶ್ರಾವಣದಲ್ಲಿ ಒಳಗೆ ಬಂದರಾಯಿತು.

ಮೊದಲು ಮನೆಯೊಳಗೆ ಹೋಗದೆ ರಸ್ತೆಯಲ್ಲಿ ನಿಲ್ಲಬೇಕು. ಹಳೆಯ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತ ಹೋಗಿದೆ, ಮನೆಗಳು ಇದ್ದಲ್ಲೇ ಇವೆ. ಮನೆಯ ನೆಲ ರಸ್ತೆಗಿಂತ ಒಂದೂವರೆ ಅಡಿಯಾದರೂ ಮೇಲಿರದಿದ್ದರೆ ಅಲ್ಲಿಂದಲೇ ವಾಪಸು. ಕಾಂಪೌಂಡ್ ಗೋಡೆಯಲ್ಲಿ ಹಳೆಯ ನೀರಿನ ಗೆರೆ ಇದೆಯೇ ನೋಡಬೇಕು. ಪಕ್ಕದ ಮನೆಯವರನ್ನು 2019ರ ಆಗಸ್ಟ್‌ನಲ್ಲಿ ಇಲ್ಲಿಗೆ ನೀರು ಬಂದಿತ್ತಾ ಎಂದು ಕೇಳಬೇಕು. ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ ಆ ವರ್ಷ ಊರಿನಲ್ಲಿ ಯಾರಿಗೂ ಮರೆತಿಲ್ಲ. ದಲ್ಲಾಳಿ ಹೇಳದ್ದನ್ನು ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ.

ಗೋಡೆ ಓದುವುದನ್ನು ಮೇಸ್ತ್ರಿಯವರಿಂದಲೇ ಕಲಿಯಬೇಕು. ಐದು ರೂಪಾಯಿ ನಾಣ್ಯದಿಂದ ತಟ್ಟುತ್ತ ಹೋಗುತ್ತಾರೆ. ಟಕ್ ಟಕ್ ಅನ್ನುತ್ತಿದ್ದದ್ದು ಒಂದು ಕಡೆ ಡಬ್ ಅಂದರೆ ಅಲ್ಲಿ ಗಾರೆ ಗೋಡೆ ಬಿಟ್ಟಿದೆ. ತೇವ ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಒಂದೇ ಸಮ ಇದ್ದರೆ, ಬಣ್ಣದ ಮೇಲೆ ಬಿಳಿ ಉಪ್ಪು ಹೂ ಬಿಟ್ಟಂತಿದ್ದರೆ, ನೀರು ಪಾಯದಿಂದ ಏರುತ್ತಿದೆ. ಅದಕ್ಕೆ ಬಾಡಿಗೆದಾರರು ಮಾಡುವಂಥದ್ದು ಏನೂ ಇಲ್ಲ. ಸೂರಿನ ಮೂಲೆಯಲ್ಲಿದ್ದರೆ ತಾರಸಿ. ಕಿಟಕಿಯ ಮೇಲಿದ್ದರೆ ಸಜ್ಜೆ. ಬಚ್ಚಲಿನ ಹಿಂದಿನ ಗೋಡೆಯಲ್ಲಿದ್ದರೆ ಒಳಗಿನ ಪೈಪು. ಈ ಮೂರನ್ನು ಮಾಲೀಕರು ಮನಸ್ಸು ಮಾಡಿದರೆ ಸರಿಮಾಡಬಹುದು. ಮಳೆ ಹೊಡೆಯುವುದು ಪಶ್ಚಿಮ, ನೈರುತ್ಯದ ಕಡೆಯಿಂದ. ಆದ್ದರಿಂದ ಮಲಗುವ ಕೋಣೆಯ ಪಶ್ಚಿಮದ ಗೋಡೆಯನ್ನು ಅಂಗೈ ಇಟ್ಟು ನೋಡಲೇಬೇಕು. ಗೋಡೆ ಬೀರುವಿನ ಬಾಗಿಲು ತೆಗೆದು ಮೂಗು ಹಾಕಬೇಕು. ಹೊಸ ಬಣ್ಣ ಹೊರಗಿನದನ್ನು ಮುಚ್ಚುತ್ತದೆ, ಬೀರುವಿನೊಳಗಿನ ಬೂಸಲಿನ ವಾಸನೆಯನ್ನಲ್ಲ.

ಅನುಮಾನ ಉಳಿದರೆ ಇನ್ನೊಂದು ಪರೀಕ್ಷೆ ಇದೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದರೆ ತೇವ ಗೋಡೆಯದು. ನಮ್ಮ ಕಡೆಯ ಮುಖದಲ್ಲಿ ಕಟ್ಟಿದರೆ ಅದು ಗಾಳಿಯದು, ಕಿಟಕಿ ತೆಗೆದು ಗಾಳಿಯಾಡಿಸಿದರೆ ಹೋಗುತ್ತದೆ. ಈ ಮನೆಯಲ್ಲಿ ಹಾಳೆ ಎರಡೂ ಕಡೆ ಒಣಗಿಯೇ ಇತ್ತು. ಮೇಸ್ತ್ರಿ ಅದನ್ನು ಕಿತ್ತು ಮಡಚಿ ನಮ್ಮ ಕೈಗೆ ಕೊಟ್ಟ ದಿನವೇ ನಮಗೆ ಮನೆ ಸಿಕ್ಕಿದ್ದು.

ಬರೆಯಬೇಕೋ ಬೇಡವೋ ಎಂದು ಇಬ್ಬರೂ ಯೋಚಿಸಿದ ವಿಷಯ ಒಂದಿದೆ. ಮೂರು ಕಡೆ ಮನೆಯೂ ಹಿಡಿಸಿ ಬಾಡಿಗೆಯೂ ಹೊಂದಿದ ಮೇಲೆ, ವಯಸ್ಸು ಕೇಳಿ ಇಲ್ಲ ಅಂದರು. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಮನೆ ಮುಚ್ಚಬೇಕು ಎಂಬ ನಂಬಿಕೆ ಇದೆಯಲ್ಲ, ಒಬ್ಬರು ಅದನ್ನೇ ಕಾರಣವಾಗಿ ಬಾಯಿಬಿಟ್ಟು ಹೇಳಿದರು: "ನಾಳೆ ಏನಾದ್ರೂ ಆಗಿ ಧನಿಷ್ಠಾ ಪಂಚಕ ಬಂತು ಅಂದ್ರೆ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕ್ಬೇಕಾಗುತ್ತೆ." ಜಗುಲಿಯ ಮೇಲೆ ಉಸಿರಾಡುತ್ತ ನಿಂತಿದ್ದವರ ಸಾವಿಗೆ ಆಗಲೇ ನಕ್ಷತ್ರ ನೋಡಿ ಆಗಿತ್ತು. ಅಲ್ಲಿಂದ ಗೇಟಿನವರೆಗೆ ನಡೆಯಲು ಕಾಲು ಬರಲಿಲ್ಲ. ಯಾಕೆ ಊರು ಬಿಟ್ಟು ಬಂದೆವು ಎಂದು ಇಬ್ಬರೂ ಅತ್ತಿದ್ದು ಆವತ್ತೇ, ನೀರು ನುಗ್ಗಿದ ರಾತ್ರಿಯಲ್ಲ. ಮೇಸ್ತ್ರಿ ಗೇಟು ಎಳೆದು ಚಿಲಕ ಹಾಕಿ, "ಬಿಡಿ ಅಮ್ಮಾ, ಆ ಮನೆ ಪಶ್ಚಿಮದ ಗೋಡೆ ಸರಿಯಿಲ್ಲ" ಅಂದರು. ಆ ಗೋಡೆಯನ್ನು ಅವರು ನೋಡಿಯೇ ಇರಲಿಲ್ಲ.

ಈ ಮನೆಯ ಮಾಲೀಕರು ವಯಸ್ಸು ಕೇಳಿದರು, ಆಮೇಲೆ ಬಚ್ಚಲಿಗೆ ಹಿಡಿ ಹಾಕಿಸಿಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ ಅಂದರು. ಆ ಒಂದು ಮಾತಿಗೆ ಅವರಿಗೆ ಎಷ್ಟು ಸಲ ಕೈಮುಗಿದರೂ ಸಾಲದು. ಹಿಡಿ ಹಾಕುವುದರಲ್ಲೂ ತಪ್ಪುವವರೇ ಹೆಚ್ಚು. ಟೈಲ್ಸಿಗೆ ಪ್ಲಾಸ್ಟಿಕ್ ಬಿರಡೆ ಹೊಡೆದು ಸ್ಕ್ರೂ ಹಾಕಿದರೆ ಟವೆಲ್ ತಡೆಯುತ್ತದೆ, ಜಾರಿದ ಮನುಷ್ಯನನ್ನು ತಡೆಯುವುದಿಲ್ಲ. ಟೈಲ್ಸ್ ದಾಟಿ ಇಟ್ಟಿಗೆಯೊಳಗೆ ಹೋಗುವ ಸ್ಟೀಲ್ ಆಂಕರ್ ಬೋಲ್ಟೇ ಬೇಕು. ಜಂಬಿಟ್ಟಿಗೆ ಗೋಡೆಯಾದರೆ ತೂತು ಉದುರುತ್ತದೆ, ಅದಕ್ಕೆ ಸಿಮೆಂಟಿನಲ್ಲಿ ಬೋಲ್ಟು ಕೂರಿಸಿ ಒಂದು ವಾರ ಮುಟ್ಟದೆ ಬಿಡಬೇಕು. ಕಮೋಡಿನ ಪಕ್ಕದ್ದು ನೆಲದಿಂದ 33ರಿಂದ 36 ಇಂಚು ಎತ್ತರ, ಪೈಪು ಮುಷ್ಟಿಯೊಳಗೆ ಪೂರ್ತಿ ಹಿಡಿಯುವ ಒಂದೂವರೆ ಇಂಚು ದಪ್ಪ. ಹಾಕಿದ ಮೇಲೆ ಮೇಸ್ತ್ರಿ ತಾವೇ ಅದಕ್ಕೆ ಜೋತುಬಿದ್ದು ನೋಡಿ ಸರಿ ಅಂದರು. ಬಚ್ಚಲ ಬಾಗಿಲಿನ ಒಳಚಿಲಕ ತೆಗೆಸಿ ಹೊರಗಿನಿಂದಲೂ ತೆರೆಯುವಂಥದ್ದು ಹಾಕಿಸಿದರು. ಬಾಗಿಲು ಒಳಗೆ ತೆರೆಯುವಂತಿದ್ದು ಬಿದ್ದವರು ಅದಕ್ಕೇ ಅಡ್ಡ ಬಿದ್ದರೆ ಹೊರಗಿದ್ದವರು ಏನೂ ಮಾಡಲಾಗುವುದಿಲ್ಲ ಎಂದು, ಕೀಲು ಬದಲಿಸಿ ಹೊರಕ್ಕೆ ತೆರೆಯುವ ಹಾಗೆ ಮಾಡಿದ್ದೂ ಅವರೇ.

ಕರಾರು ಪತ್ರ ಬರೆದುಕೊಟ್ಟವರಿಗೂ ಒಂದು ಮಾತು ಸಲ್ಲಬೇಕು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು, ಅದಕ್ಕೇ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುವುದು ಎಂದು ಬಿಡಿಸಿ ಹೇಳಿದರು. ಬಾಡಿಗೆದಾರರ ಜಾಗದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬರೆಸಿದ್ದು ಅವರ ಸಲಹೆ. ಒಬ್ಬರು ಹೋದರೆ ಇನ್ನೊಬ್ಬರು ಆ ದುಃಖದಲ್ಲಿ ಹೊಸ ಕರಾರಿಗೆ ಮಾಲೀಕರ ಮುಂದೆ ನಿಲ್ಲುವಂತಾಗಬಾರದು. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡಿ, ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎನ್ನುವುದನ್ನು ಪತ್ರದಲ್ಲೇ ಬರೆಸಿ ಅಂದರು. ಭೋಗ್ಯಕ್ಕೆ ಮನೆ ನೋಡುವವರು ಆ ಮನೆಯ ಋಣಭಾರ ಪತ್ರ ತೆಗೆಸದೆ ಹಣ ಕೊಡಬಾರದು, ಪತ್ರವನ್ನು ನೋಂದಾಯಿಸದೆ ಬಿಡಬಾರದು. ಮನೆ ಬ್ಯಾಂಕಿಗೆ ಅಡವಿದ್ದು ಸಾಲ ಕಟ್ಟದೆ ಹರಾಜಾದರೆ ಪಿಂಚಣಿಯ ಗಂಟು ಅಲ್ಲಿಗೇ ಹೋಗುತ್ತದೆ.

ಕರೆಂಟಿನ ಕೆಲಸ ಅಳಿಯಂದಿರು ನೋಡಿಕೊಂಡರು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಈ ಮನೆಯ ಕರೆಂಟ್ ಬಿಲ್ಲಿನ ಆರ್.ಆರ್. ಸಂಖ್ಯೆಗೆ ಹಿಂದೆ ಇದ್ದವರ ಆಧಾರ್ ಜೋಡಣೆಯಾಗಿತ್ತು. ಅದನ್ನು ಮೊದಲು ಬಿಡಿಸಿ, ಆಮೇಲೆ ನಮ್ಮದನ್ನು ಸೇರಿಸಬೇಕಾಯಿತು. ಬೀಗದ ಕೈ ತೆಗೆದುಕೊಳ್ಳುವ ದಿನವೇ ಮೀಟರಿನ ಫೋಟೋ ತೆಗೆದಿಟ್ಟುಕೊಂಡಿದ್ದು ಒಳ್ಳೆಯದಾಯಿತು.

ಮೇಸ್ತ್ರಿಯವರು ಆ ರಾತ್ರಿಗೂ, ಆಮೇಲಿನ ಅಲೆದಾಟಕ್ಕೂ ನಮ್ಮಿಂದ ಒಂದು ರೂಪಾಯಿ ಮುಟ್ಟಲಿಲ್ಲ. ಒತ್ತಾಯ ಮಾಡಿದ್ದಕ್ಕೆ ಬಚ್ಚಲ ಕೆಲಸದ ಕೂಲಿ ಮಾತ್ರ ತೆಗೆದುಕೊಂಡರು. ರುಬ್ಬುಗುಂಡನ್ನು ಸಾಮಾನಿನ ಗಾಡಿಗೆ ಕೊಡದೆ ತಮ್ಮ ಗಾಡಿಯ ಮುಂದೆ ಇಟ್ಟುಕೊಂಡು ತಂದು, ಒರಳಿನ ಪಕ್ಕ ಇಳಿಸಿ ಹೋದರು. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಇಲ್ಲಿನ ತಾರಸಿ ಪೈಪಿನ ಬಾಯಿಗೆ ಜಾಲರಿ ಕೂರಿಸಲು ಬರುತ್ತೇನೆ ಎಂದಿದ್ದಾರೆ. ಜಾಲರಿ ತಂದು ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ.