ಸ್ಯಾರಿ ಗಾರ್ಡ್‌ಗೂ ಬಿಲ್ ಹಾಕಿದ್ರು

ಸಂಪಾದಕರಿಗೆ ನಮಸ್ಕಾರ,

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಟೂ ವೀಲರ್‌ಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತಲ್ಲ, ಅದನ್ನ ಪೇಪರಲ್ಲಿ ಓದ್ಕೊಂಡೇ ನಾನೂ ಹಳೇ ಸ್ಕೂಟರ್ ಕೊಟ್ಟು ಒಂದು ಚಿಕ್ಕ ಬೈಕ್ ತಗೊಳ್ಳೋಣ ಅಂತ ಹೊರಟಿದ್ದು. ಬೈಕ್ ಬಂತು, ಮನೆ ಮುಂದೆ ನಿಂತಿದೆ, ಓಡಿಸೋಕೆ ಚೆನ್ನಾಗೇ ಇದೆ, ಅದ್ರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ಬಿಲ್ಲಿನ ಬಗ್ಗೆ.

ನಾನಿರೋದು ತುಮಕೂರಿನ ಕ್ಯಾತ್ಸಂದ್ರದಲ್ಲಿ, ಕೆಲಸ ವಸಂತನರಸಾಪುರದ ಒಂದು ಫ್ಯಾಕ್ಟರಿಲಿ. ಹೋಗಿ ಬರೋಕೆ ದಿನಕ್ಕೆ ಐವತ್ತು ಕಿಲೋಮೀಟರ್ ಹತ್ರಹತ್ರ ಆಗುತ್ತೆ. ಮಂಡಿಪೇಟೆಗೆ ಹೋಗಿ ಕಾಲ ಹತ್ರ ಅಕ್ಕಿ ಮೂಟೆ ಇಟ್ಕೊಂಡು ಬರೋಕೆ, ಅಮ್ಮನ್ನ ಮಠಕ್ಕೆ ಕರ್ಕೊಂಡು ಹೋಗೋಕೆ ಸ್ಕೂಟರಿನಷ್ಟು ಸುಖ ಇನ್ನೊಂದಿಲ್ಲ ಬಿಡಿ, ಆದ್ರೆ ನೈಟ್ ಶಿಫ್ಟ್ ಮುಗಿಸಿ ಹೈವೇಲಿ ಬರುವಾಗ ಪಕ್ಕದಲ್ಲೇ ದೊಡ್ಡ ಲಾರಿ ಹೋದ್ರೆ ಆ ಗಾಳಿಗೇ ಗಾಡಿ ಅಲ್ಲಾಡೋದು, ಹತ್ತಿಂಚಿನ ಚಕ್ರ ಸಣ್ಣ ಗುಂಡಿಗೆ ಇಳಿದ್ರೂ ಏಟು ನೇರ ಬೆನ್ನಿಗೆ. ಬೈಕಿಗೆ ಚಕ್ರ ಹದಿನೇಳು ಹದಿನೆಂಟು ಇಂಚು ಇರುತ್ತೆ, ಆ ವ್ಯತ್ಯಾಸ ದಿನಾ ಓಡಾಡೋರಿಗೆ ಮಾತ್ರ ಗೊತ್ತು.

ಮೊದ್ಲು ಆಸೆ ಇದ್ದಿದ್ದು 160 ಸಿಸಿ ಮೇಲೆ. ಲೆಕ್ಕ ಹಾಕಿ ನೋಡಿದ್ಮೇಲೆ ಆಸೆ ತಣ್ಣಗಾಯ್ತು. ನಮ್ಮ ರಾಜ್ಯದಲ್ಲಿ ಗಾಡಿ ಬೆಲೆ ಐವತ್ತು ಸಾವಿರದಿಂದ ಒಂದು ಲಕ್ಷದವರೆಗೆ ಇದ್ರೆ ಲೈಫ್ ಟ್ಯಾಕ್ಸ್ 12 ಪರ್ಸೆಂಟ್, ಲಕ್ಷ ದಾಟಿದ್ರೆ 18, ಅದೂ ದಾಟಿದ ದುಡ್ಡಿಗೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ. ಅಂದ್ರೆ 86 ಸಾವಿರದ ಬೈಕಿಗೆ 10,320 ರೂಪಾಯಿ ಟ್ಯಾಕ್ಸ್ ಆದ್ರೆ 1,12,000ದ ಬೈಕಿಗೆ 20,160, ಸೆಸ್ ಬೇರೆ. ಇನ್ಶೂರೆನ್ಸ್‌ನಲ್ಲೂ ಹಂಗೇನೆ, ಹೊಸ ಗಾಡಿಗೆ 2018ರ ಸೆಪ್ಟೆಂಬರ್‌ನಿಂದ ಐದು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವ್ರಿಗೆ ಆಗೋ ನಷ್ಟಕ್ಕೆ) ಕಡ್ಡಾಯ, ನಾನು ತಗೊಂಡಾಗ ಅದು 75ರಿಂದ 150 ಸಿಸಿ ಒಳಗಿದ್ರೆ 3,851, 150 ದಾಟಿ 350ರ ಒಳಗಿದ್ರೆ 7,365 ಇತ್ತು, ಅದರ ಮೇಲೆ ಜಿಎಸ್‌ಟಿ. ಹತ್ತು ಸಿಸಿ ಜಾಸ್ತಿ ಆಗಿದ್ದಕ್ಕೆ ಇಷ್ಟು ಕೊಡೋ ಶಕ್ತಿ ನನಗಿಲ್ಲ ಅಂತ 125ಕ್ಕೇ ತೃಪ್ತಿ ಪಟ್ಕೊಂಡೆ.

ಈಗ ವಿಷಯಕ್ಕೆ ಬರ್ತೀನಿ. ಎಕ್ಸ್ ಶೋರೂಂ, ಅಂದ್ರೆ ಬರೀ ಗಾಡಿ ಬೆಲೆ, 86 ಸಾವಿರ, ಟ್ಯಾಕ್ಸು, ಸೆಸ್ಸು, ಇನ್ಶೂರೆನ್ಸು, ರಿಜಿಸ್ಟ್ರೇಷನ್ ಎಲ್ಲಾ ಹಾಕಿದ್ರೂ ಒಂದು ಲಕ್ಷದ ಆರು ಸಾವಿರಕ್ಕೆ ಮುಗೀಬೇಕು ಅಂತ ಮನೇಲೇ ಲೆಕ್ಕ ಬರ್ಕೊಂಡು ಹೋಗಿದ್ದೆ. ಶೋರೂಂನಲ್ಲಿ ಕೊಟ್ಟ ಚೀಟಿಲಿ ಒಂದೇ ಒಂದು ಸಂಖ್ಯೆ, ಆನ್ ರೋಡ್ 1,14,500. ಬಿಡಿಸಿ ಬರ್ಕೊಡಿ ಅಂದೆ. ಮೂರು ಸಲ ಕೇಳಿದ್ಮೇಲೆ ಆ ಹುಡುಗ ಪೆನ್ನಲ್ಲಿ ಬರ್ಕೊಟ್ಟ: ಆಕ್ಸೆಸರೀಸ್ ಕಿಟ್ 3,900, ಹ್ಯಾಂಡ್ಲಿಂಗ್ 1,500, ಟೆಫ್ಲಾನ್ ಕೋಟಿಂಗ್ 1,200, ಹೆಲ್ಮೆಟ್ 1,100, ದಾರೀಲಿ ಗಾಡಿ ಕೆಟ್ರೆ ಬರ್ತೀವಿ ಅನ್ನೋದಕ್ಕೆ 800. ಒಟ್ಟು 8,500. ಜಿಎಸ್‌ಟಿ ಇಳಿದಿದ್ರಿಂದ ಈ ಬೈಕಿಗೆ ಕಮ್ಮಿ ಆಗಿದ್ದು ಹೆಚ್ಚುಕಮ್ಮಿ ಏಳು ಸಾವಿರ. ದೆಹಲಿಲಿ ಬಿಟ್ಟಿದ್ದನ್ನ ಇಲ್ಲಿ ಕೌಂಟರ್‌ನಲ್ಲೇ ವಾಪಸ್ ಎತ್ಕೊಂಡ್ರು, ಮೇಲೆ ಒಂದೂವರೆ ಸಾವಿರ ಬಡ್ಡಿ ಸಮೇತ.

ಆ ಕಿಟ್‌ನಲ್ಲಿ ಏನಿದೆ ಅಂತ ಕೇಳಿದ್ರೆ ಮುಂದುಗಡೆ ಗಾರ್ಡು, ಹಿಂದೆ ಹಿಡ್ಕೊಳ್ಳೋ ಕಂಬಿ, ಸೀರೆ ಚಕ್ರಕ್ಕೆ ಸಿಕ್ಕಾಕ್ಕೊಳ್ದಂಗೆ ತಡೆಯೋ ಸ್ಯಾರಿ ಗಾರ್ಡು. ನಂಗೆ ಇಲ್ಲೇ ಸಿಟ್ಟು ಬಂದಿದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮ 123 ಇದೆ, ಹಿಂದೆ ಕೂರೋರಿಗೆ ಹಿಡಿ, ಕಾಲಿಡೋಕೆ ಫುಟ್‌ರೆಸ್ಟ್, ಬಟ್ಟೆ ಸಿಕ್ಕಾಕ್ಕೊಳ್ದಂಗೆ ಹಿಂದಿನ ಚಕ್ರ ಕನಿಷ್ಠ ಅರ್ಧ ಮುಚ್ಚೋ ರಕ್ಷಣೆ ಇಲ್ದೆ ಬೈಕ್ ತಯಾರೇ ಮಾಡೋಹಾಗಿಲ್ಲ ಅನ್ನುತ್ತೆ. ನಿಯಮ 138ರಲ್ಲಿ ಗಾಡಿ ತಗೊಳ್ಳುವಾಗ ಕಂಪನಿಯವರೇ ಒಂದು ಹೆಲ್ಮೆಟ್ ಕೊಡ್ಬೇಕು ಅಂತಲೂ ಇದೆ. ಇದನ್ನ ಹೇಳಿದ್ದಕ್ಕೆ ಮ್ಯಾನೇಜರ್ ಬಂದು ಹೆಲ್ಮೆಟ್ಟು, ಕೋಟಿಂಗು, ಆ 800 ಮೂರನ್ನೂ ಹೊಡೆದುಹಾಕಿದ್ರು, ಕಿಟ್ ಮಾತ್ರ ಬಿಡಲಿಲ್ಲ. "ಅದು ಫಿಟ್ ಆಗೇ ಬರುತ್ತೆ ಸಾರ್, ತೆಗೆಯೋಕಾಗಲ್ಲ" ಅಂದ್ರು. ಫಿಟ್ ಆಗೇ ಬರ್ಬೇಕು ಅಂತಲೇ ಅಲ್ವಾ ಸಾರ್ ಕಾನೂನಿರೋದು, ಹಂಗಿದ್ಮೇಲೆ ದುಡ್ಡು ಬೇರೆ ಯಾಕೆ ಅಂದೆ, ಅದಕ್ಕೆ ನಕ್ಕು ಟೀ ತರಿಸಿದ್ರು. ಹಿಂದೆ ಸೀರೆ ಉಟ್ಟು ಒಂದು ಕಡೆ ಕಾಲು ಹಾಕ್ಕೊಂಡು ಕೂರೋ ಅಮ್ಮ ಇರೋ ಮನೇಲಿ ಸ್ಯಾರಿ ಗಾರ್ಡ್ ಬೇಡ ಅಂತ ಹಟ ಮಾಡೋಕಾಗುತ್ತಾ, ಅವ್ರಿಗೂ ಅದು ಗೊತ್ತು. ಹ್ಯಾಂಡ್ಲಿಂಗ್ ಅಂದ್ರೆ ಏನು ಅಂತ ಕೊನೆವರೆಗೂ ಯಾರೂ ಹೇಳಲಿಲ್ಲ. ಕಟ್ಟಿದ್ದು 1,11,400.

ಹಳೇ ಸ್ಕೂಟರ್‌ಗೆ ಎಕ್ಸ್‌ಚೇಂಜ್‌ನಲ್ಲಿ 18 ಸಾವಿರ ಅಂದಿದ್ರು, ಹೊರಗಡೆ ನಾನೇ 26ಕ್ಕೆ ಕೊಟ್ಟೆ. ಎಂಟು ಸಾವಿರಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ನನ್ನ ಜೊತೆ ಕೆಲಸ ಮಾಡೋರೊಬ್ರು ಹಿಂಗೇ ಎಕ್ಸ್‌ಚೇಂಜ್‌ಗೆ ಬಿಟ್ಟ ಗಾಡಿ ಯಾರ ಕೈಲಿದ್ಯೋ ಏನೋ, ಸಿಗ್ನಲ್ ಜಂಪ್ ಫೈನ್ ಮೆಸೇಜ್ ಇವತ್ತಿಗೂ ಇವ್ರ ಮೊಬೈಲ್‌ಗೇ ಬರುತ್ತೆ. ಫೈನ್ ಆದ್ರೆ ಹೋಗ್ಲಿ ಅನ್ಬಹುದು, ಆಕ್ಸಿಡೆಂಟ್ ಆದ್ರೆ? ಆರ್‌ಸಿಲಿ ಯಾರ ಹೆಸರಿದ್ಯೋ ಅವ್ರೇ ಓನರ್, ಪರಿಹಾರ ಅವ್ರೇ ಕಟ್ಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದಕ್ಕೆ ಫಾರಂ 29, 30ಕ್ಕೆ ಸೈನ್ ಹಾಕಿ, ತಗೊಂಡೋರ ಹೆಸರಿಗೆ ಆರ್‌ಸಿ ಬದಲಾದ್ಮೇಲೇ ನಂಗೆ ನಿದ್ದೆ ಬಂದಿದ್ದು.

ಸ್ಕೂಟರ್ ದುಡ್ಡು, ಕೈಲಿದ್ದ ದುಡ್ಡು ಹಾಕಿ ಉಳಿದ 70 ಸಾವಿರಕ್ಕೆ ಲೋನ್. ಶೋರೂಂನಲ್ಲೇ ಲೋನ್ ಕೊಡೋರು ಟೇಬಲ್ ಹಾಕ್ಕೊಂಡು ಕೂತಿರ್ತಾರಲ್ಲ, ಬರೀ 10 ಪರ್ಸೆಂಟ್ ಅಂದ್ರು. ಆಮೇಲೆ ಗೊತ್ತಾಯ್ತು ಅದು ಫ್ಲಾಟ್ ಅಂತ. ಎರಡು ವರ್ಷಕ್ಕೆ 14 ಸಾವಿರ ಬಡ್ಡಿ, ತಿಂಗಳಿಗೆ 3,500 ಕಂತು. ಪ್ರತಿ ತಿಂಗಳು ಅಸಲು ಕಮ್ಮಿ ಆಗ್ತಾ ಹೋದ್ರೂ ಬಡ್ಡಿ ಮಾತ್ರ ಪೂರ್ತಿ 70 ಸಾವಿರಕ್ಕೇ, ಬ್ಯಾಂಕ್ ಲೆಕ್ಕದಲ್ಲಿ ನೋಡಿದ್ರೆ ಇದು 18 ಪರ್ಸೆಂಟ್ ಬಡ್ಡಿ. ಬ್ಯಾಂಕಲ್ಲಿ ಮೊದ್ಲೇ ಕೇಳ್ಬೇಕಿತ್ತು, ಕೇಳಲಿಲ್ಲ, ಅದು ನನ್ನ ತಪ್ಪು.

ಮೈಲೇಜಲ್ಲಿ ಉಳಿಯುತ್ತೆ ಬಿಡಿ ಅಂತಾರೆ ಎಲ್ರೂ. ನಾನು ತಿಂಗಳಿಗೆ 1,300 ಕಿಲೋಮೀಟರ್ ಓಡಿಸ್ತೀನಿ, ಸ್ಕೂಟರ್ ಲೀಟರಿಗೆ 42 ಕೊಡ್ತಿತ್ತು, ಬೈಕ್ 58 ಕೊಡುತ್ತೆ, ಅಂದ್ರೆ ಎಂಟೂವರೆ ಲೀಟರ್ ಉಳೀತು, ಪೆಟ್ರೋಲ್ ನೂರು ದಾಟಿರೋ ಕಾಲದಲ್ಲಿ ಅದು 870 ರೂಪಾಯಿ. ಕಂತು 3,500. ಸ್ಕೂಟರಲ್ಲಿ ಇಲ್ದಿದ್ದ ಚೈನ್ ಬೇರೆ ಇದೆ, ಐನೂರು ಕಿಲೋಮೀಟರಿಗೊಂದ್ಸಲ ಒರೆಸಿ ಲೂಬ್ ಹೊಡೀಬೇಕು. ಗೇರ್ ಗಾಡಿ ಅಂದ್ಮೇಲೆ ಲೈಸೆನ್ಸೂ ಬೇರೆ, ನಂದು ಗೇರ್ ಇಲ್ದಿರೋ ಗಾಡಿದು ಮಾತ್ರ ಇತ್ತು, ಎಲ್‌ಎಲ್ ಮಾಡ್ಸಿ ಒಂದು ತಿಂಗಳು ಕಾದು ಎಂಟು ಹಾಕಿ ತೋರ್ಸಿ ಸೇರಿಸ್ಕೊಂಡೆ, ಸರ್ಕಾರಿ ಫೀಸು ಸಾವಿರದ ಆಸುಪಾಸು. ತುಂಬಾ ಜನ ಇದನ್ನ ಮಾಡ್ಸೋದೇ ಇಲ್ಲ, ಆಮೇಲೆ ಇನ್ಶೂರೆನ್ಸ್ ಕ್ಲೇಮ್ ಟೈಮಲ್ಲಿ ಒದ್ದಾಡ್ತಾರೆ.

ನಾನು ಕೇಳೋದು ಇಷ್ಟೇ. ತುಮಕೂರಿನ ಪ್ರತಿ ಶೋರೂಂ ಬಾಗಿಲಲ್ಲಿ ಕನ್ನಡದಲ್ಲಿ ಒಂದು ಬೋರ್ಡ್ ಹಾಕ್ಸಿ, ಗಾಡಿ ಬೆಲೆ ಎಷ್ಟು, ಸರ್ಕಾರಕ್ಕೆ ಎಷ್ಟು, ಇನ್ಶೂರೆನ್ಸ್‌ಗೆ ಎಷ್ಟು, ಅದನ್ನ ಹೊರಗಡೆ ಬೇರೆ ಕಂಪನಿಲೂ ಮಾಡಿಸ್ಬಹುದು ಅನ್ನೋದು, ಬೇಕಿದ್ರೆ ಮಾತ್ರ ತಗೊಳ್ಳೋ ಐಟಂ ಯಾವ್ಯಾವುದು, ಕಾನೂನಿನ ಪ್ರಕಾರ ಗಾಡಿ ಜೊತೆಗೇ ಬರ್ಬೇಕಾದ್ದು ಯಾವ್ಯಾವುದು ಅಂತ. ಸಾರಿಗೆ ಇಲಾಖೆಯವರು ಮನಸ್ಸು ಮಾಡಿದ್ರೆ ಒಂದು ಸುತ್ತೋಲೆಲಿ ಆಗೋ ಕೆಲಸ ಇದು. ನಿಮ್ಮ ವರದಿಗಾರರು ಒಂದ್ಸಲ ಗಿರಾಕಿ ತರ ಹೋಗಿ ಚೀಟಿ ಬರೆಸ್ಕೊಂಡು ಬಂದ್ರೆ ನಾನು ಹೇಳ್ತಿರೋದು ಸುಳ್ಳೋ ನಿಜವೋ ಗೊತ್ತಾಗುತ್ತೆ.

ಆ ಪೆನ್ನಲ್ಲಿ ಬರೆದ ಚೀಟಿ ಝೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೀನಿ. ಶೋರೂಂ ಹೆಸರಿನ ಮೇಲೆ ಮಸಿ ಬಳಿದಿದ್ದೀನಿ, ಬೇಜಾರು ಮಾಡ್ಕೋಬೇಡಿ, ಇನ್ನೂ ಎರಡು ಫ್ರೀ ಸರ್ವೀಸ್ ಅಲ್ಲೇ ಆಗ್ಬೇಕು.

ಇಂತಿ,
ನಿಮ್ಮ ಓದುಗ
ಕ್ಯಾತ್ಸಂದ್ರ, ತುಮಕೂರು